ಹ್ಯಾನಿಬಲ್ಲಿನ ಹುಡುಗ

ಬೇಲಿಗೆ ಸುಣ್ಣ ಬಳಿಯುವ ಶಿಕ್ಷೆಯನ್ನೇ ಒಂದು ಮೋಜಿನ ಆಟವೆಂದು ಗೆಳೆಯರಿಗೆ ನಂಬಿಸಿ, ಕೆಲಸವನ್ನೆಲ್ಲ ಅವರ ಕೈಯಲ್ಲೇ ಮಾಡಿಸಿ, ಸಾಲದ್ದಕ್ಕೆ ಅವರಿಂದಲೇ ಕಾಣಿಕೆಯನ್ನೂ ವಸೂಲು ಮಾಡಿದ ಟಾಮ್ ಸಾಯರ್ ಎಂಬ ಪೋಕರಿ ಹುಡುಗನನ್ನು ನಮ್ಮಲ್ಲಿ ಅರಿಯದವರು ವಿರಳ. ಪ್ರೌಢಶಾಲೆಯಲ್ಲಿದ್ದಾಗ ಆ ಪುಸ್ತಕದ ಸಂಗ್ರಹರೂಪವೊಂದನ್ನು ನಾನು ಓದಿದ್ದೆ. ಓದಿ ಮುಗಿಸಿದ ಮೇಲೂ ಕೆಲವು ದಿನ ಆ ನದಿ, ಆ ಗುಡ್ಡ, ಆ ಗವಿ ಇವು ಕಣ್ಣ ಮುಂದೆ ಸುಳಿಯುತ್ತಿದ್ದವು. ಅಂತಹ ಊರಿನಲ್ಲಿ ಹುಟ್ಟಲಿಲ್ಲವಲ್ಲ ಎಂದು ಮರುಗಿದ್ದೂ ಉಂಟು. ಮೊನ್ನೆ ಮೊನ್ನೆ ಅದೇ ಗ್ರಂಥಕರ್ತನ ಪ್ರವಾಸಗ್ರಂಥವೊಂದು ಕೈಗೆ ಸಿಕ್ಕಿತು. ಅದರಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ನಡೆದ ಒಂದು ಕ್ಷುಲ್ಲಕ ಪ್ರಸಂಗದ ವರ್ಣನೆಯಿದೆ, ಒಂದೆರಡು ಪುಟಗಳಷ್ಟೆ. ಅದನ್ನು ಓದಿದ ಮೇಲೆ ನನ್ನ ಹುಡುಗತನದ ಆ ಪುಸ್ತಕವನ್ನು ಮೊದಲಿನಂತೆ ಓದುವುದು ನನಗೆ ಸಾಧ್ಯವಾಗಲಿಲ್ಲ. ಆ ಪ್ರಸಂಗವನ್ನು ಅದರ ಸ್ಥಾನದಲ್ಲಿ ಹೇಳುವೆನು. ಮೊದಲು ಮನುಷ್ಯನ ಪರಿಚಯವಾಗಲಿ.

ಜಗತ್ತು ಮಾರ್ಕ್ ಟ್ವೇನ್ ಎಂದು ಕರೆಯುವ ಆತನಿಗೆ ತಾಯಿತಂದೆ ಇಟ್ಟ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. ಅಮೆರಿಕಾದ ಮಿಸೌರಿ ಸಂಸ್ಥಾನದ ಫ್ಲಾರಿಡಾ ಎಂಬ ಕುಗ್ರಾಮದಲ್ಲಿ 1835ನೆಯ ನವೆಂಬರ್ 30ರಂದು, ತಿಂಗಳು ತುಂಬುವ ಮೊದಲೇ ಹುಟ್ಟಿದ ಬಡಕಲು ಕೂಸು. ಏಳು ಮಕ್ಕಳಲ್ಲಿ ಆರನೆಯವನು. ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ಆಗ ಆಕಾಶದಲ್ಲಿ ಹ್ಯಾಲಿಯ ಧೂಮಕೇತು ಇದ್ದಿತು. ತಂದೆ ಜಾನ್ ಮಾರ್ಷಲ್ ಕ್ಲೆಮೆನ್ಸ್ ವರ್ಜೀನಿಯಾ ಕಡೆಯವನು, ಕಾನೂನು ಬಲ್ಲವನು, ಪ್ರಾಮಾಣಿಕ, ನಗದ ಮನುಷ್ಯ. ವ್ಯಾಪಾರಕ್ಕೆ ಕೈಹಾಕಿದಲ್ಲೆಲ್ಲ ನಷ್ಟ. ಟೆನೆಸ್ಸಿಯಲ್ಲಿ ಅವನು ಕೊಂಡಿಟ್ಟಿದ್ದ ಸುಮಾರು 75,000 ಎಕರೆ ಕಾಡುಭೂಮಿ ಇಂದಲ್ಲ ನಾಳೆ ತಮ್ಮನ್ನು ಕುಬೇರರನ್ನಾಗಿ ಮಾಡುವುದೆಂದು ಸಂಸಾರವೆಲ್ಲ ಕಾದು ಕುಳಿತಿತ್ತು, ಕಾದುದೇ ಬಂತು. ತಾಯಿ ಜೇನಳ ಸ್ವಭಾವ ಇದಕ್ಕೆ ತದ್ವಿರುದ್ಧ: ಮಾತುಗಾತಿ, ಹಾಸ್ಯಪ್ರಿಯೆ, ನೊಂದ ಪ್ರಾಣಿಯನ್ನು ಕಂಡರೆ ಕರಗುವವಳು. ಮಗನ ಗುಣ ಯಾರ ಕಡೆಯದೆಂದು ಬೇರೆ ಹೇಳಬೇಕಾಗಿಲ್ಲ.

1839ರಲ್ಲಿ ಸಂಸಾರವು ಮಿಸಿಸಿಪ್ಪಿ ನದಿಯ ದಂಡೆಯ ಹ್ಯಾನಿಬಲ್ ಎಂಬ ಊರಿಗೆ ಬಂದು ನೆಲೆಸಿತು. ಹುಡುಗನಿಗೆ ಆಗ ನಾಲ್ಕು ವರ್ಷ ತುಂಬುತ್ತಿದ್ದಿತು. ಸಾವಿರದಷ್ಟು ಜನವಸತಿಯ ಊರು. ಎರಡು ಕಡೆ ಗುಡ್ಡ, ಮುಂದೆ ಸುಮಾರು ಒಂದು ಮೈಲಿ ಅಗಲದ ನೀರು. ಬಿಸಿಲಿಗೆ ಬಿದ್ದು ತೂಕಡಿಸುತ್ತಿದ್ದ ಆ ಊರು ದಿನಕ್ಕೊಂದೆರಡು ಬಾರಿ ಮಾತ್ರ ಎಚ್ಚರಗೊಳ್ಳುತ್ತಿತ್ತು. ಉಗಿಹಡಗಿನ ಹೊಗೆ ನದಿಯ ತಿರುವಿನಲ್ಲಿ ಕಾಣಿಸಿಕೊಂಡಾಗ! ಅಂಗಡಿಕಾರರು, ಗಾಡಿಯವರು, ಹುಡುಗರು, ನಾಯಿಗಳು ಎಲ್ಲ ದಂಡೆಗೆ ಓಟ. ಹತ್ತು ನಿಮಿಷದ ಸಂಭ್ರಮ. ಹಡಗು ಹೊರಟುಹೋದೊಡನೆ ಊರು ಮತ್ತೆ ಮಲಗುತ್ತಿತ್ತು. ಆ ಊರಿನ ಪ್ರತಿಯೊಬ್ಬ ಹುಡುಗನಿಗೂ ದೊಡ್ಡವನಾದ ಮೇಲೆ ಹಡಗಿನವನಾಗಬೇಕೆಂಬ ಒಂದೇ ಹಂಬಲವಿದ್ದುದರಲ್ಲಿ ಆಶ್ಚರ್ಯವೇನು?

ಸ್ಯಾಮ್ ಶಾಲೆಗೆ ಹೋದುದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು. ನದಿಯಲ್ಲಿ ಮುಳುಗಿ ಸಾಯುವ ಸ್ಥಿತಿಗೆ ಬಂದು ಪರರ ಕೈಯಿಂದ ಮೇಲೆತ್ತಿಸಿಕೊಂಡದ್ದು ಒಂದು ಸಲವಲ್ಲ, ಹಲವು ಸಲ. ಊರಿನಲ್ಲಿ ದಡಾರ ಹಬ್ಬಿ ಮಕ್ಕಳು ಸಾಯುತ್ತಿದ್ದ ವರ್ಷ, ಬರುವುದೋ ಬಾರದೋ ಎಂದು ಹೆದರಿ ಕಾಯುವುದಕ್ಕಿಂತ ಬಂದೇ ಬಿಡಲೆಂದು, ಕಾಯಿಲೆ ಬಿದ್ದಿದ್ದ ಗೆಳೆಯ ವಿಲ್ ಬೋವೆನ್ನನ ಹಾಸಿಗೆಯಲ್ಲಿ ಹೋಗಿ ಮಲಗಿದನಂತೆ. ದಡಾರ ಬಂತು, ಸಾವಿನ ಬಾಗಿಲವರೆಗೂ ಒಯ್ದಿತು. ಮನೆಮಂದಿಯೆಲ್ಲ ಸುತ್ತ ನಿಂತು ಅಳುವುದನ್ನು ಕಂಡು ಅವನಿಗೆ ಪರಮ ಸಂತೋಷವಾಯಿತಂತೆ! ಜಾನ್ ಬ್ರಿಗ್ಸ್ ಎಂಬ ಇನ್ನೊಬ್ಬ ಗೆಳೆಯನೊಡನೆ ಸೇರಿ ಹಾಲಿಡೇ ಗುಡ್ಡದ ಮೇಲಿಂದ ದೊಡ್ಡ ಬಂಡೆಯನ್ನು ಉರುಳಿಸಿದ್ದು ಮತ್ತೊಂದು ಸಾಹಸ. ಆ ಬಂಡೆ ದಾರಿಯಲ್ಲಿದ್ದ ಗಾಡಿಯೊಂದರ ಮೇಲೆ ನೆಗೆದು ಪೀಪಾಯಿ ಮಾಡುವವನ ಕೊಟ್ಟಿಗೆಯನ್ನು ಪುಡಿಮಾಡಿತು. ಊರಿನಿಂದ ಒಂದೆರಡು ಮೈಲಿ ದೂರದ ಸುಣ್ಣಕಲ್ಲಿನ ಗವಿಯೂ, ನದೀಮಧ್ಯದ ನಡುಗಡ್ಡೆಗಳೂ ಅವರ ರಾಜ್ಯ. ಊರಿನ ಕುಡುಕನ ಮಗ ಟಾಮ್ ಬ್ಲಾಂಕೆನ್‌ಶಿಪ್ ಶಾಲೆಯಿಲ್ಲದ, ಸ್ನಾನವಿಲ್ಲದ, ಯಾರ ಅಂಕೆಯೂ ಇಲ್ಲದ ಹುಡುಗ. ಅವನೊಡನೆ ಸೇರಬಾರದೆಂದು ತಾಯಂದಿರು ಕಟ್ಟಪ್ಪಣೆ ಮಾಡಿದ್ದರಿಂದಲೇ ಎಲ್ಲರಿಗೂ ಅವನ ಸ್ನೇಹ ಬೇಕು. ಹಕಲ್‌ಬೆರಿ ಫಿನ್ ಎಂಬ ಅಮರ ಪಾತ್ರವಾದವನು ಈತನೇ. ಎದುರು ಮನೆಯ ಲಾರಾ ಹಾಕಿನ್ಸ್ ಬೆಕಿ ಥ್ಯಾಚರ್ ಆದಳು. ಸಾಧುವಾದ ತಮ್ಮ ಹೆನ್ರಿ ಚಾಡಿಕೋರ ಸಿಡ್ ಆದ. (ಹೆನ್ರಿ ಸಿಡ್‌ಗಿಂತ ಎಷ್ಟೋ ಒಳ್ಳೆಯವನೆಂದು ಅಣ್ಣನೇ ಒಪ್ಪಿಕೊಂಡಿದ್ದಾನೆ.)

ಇದಿಷ್ಟೂ ನಾವು ಬಲ್ಲ ಹ್ಯಾನಿಬಲ್. ಆದರೆ ಅದೇ ಬೀದಿಗಳಲ್ಲಿ ಆ ಹುಡುಗನು ಕಂಡ ಬೇರೆ ಸಂಗತಿಗಳೂ ಇವೆ. ಶಾಲೆ ತಪ್ಪಿಸಿ ಮನೆಗೆ ಹೋಗಲು ಹೆದರಿ ಒಂದು ರಾತ್ರಿ ತಂದೆಯ ಕಚೇರಿಯಲ್ಲಿ ಮಲಗಿದಾಗ, ಬೆಳದಿಂಗಳು ನೆಲದ ಮೇಲೆ ಮೆಲ್ಲಮೆಲ್ಲನೆ ಸರಿದು, ಅಂದು ಇರಿತಕ್ಕೆ ಸಿಕ್ಕಿ ಸತ್ತವನೊಬ್ಬನ ಹೆಣವನ್ನು ಅವನಿಗೆ ತೋರಿಸಿತು. 1845ರಲ್ಲಿ ಹಾಡುಹಗಲೇ ನಡುಬೀದಿಯಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದರು. ಸಾಯುತ್ತಿದ್ದವನ ಎದೆಯ ಮೇಲೆ ಯಾರೋ ಭಕ್ತರು ಭಾರವಾದ ಬೈಬಲ್ಲನ್ನು ಇಟ್ಟರು. ಆ ಭಾರದ ಕೆಳಗೆ ಉಸಿರಿಗಾಗಿ ಒದ್ದಾಡುತ್ತಿದ್ದ ಆ ಎದೆ ಎಷ್ಟೋ ರಾತ್ರಿ ಸ್ಯಾಮ್‌ನ ಕನಸಿನಲ್ಲಿ ಬಂದಿತು.

ಮತ್ತು, ಎಲ್ಲಕ್ಕಿಂತ ಮುಖ್ಯವಾಗಿ, ಮಿಸೌರಿ ಗುಲಾಮಗಿರಿಯ ಸಂಸ್ಥಾನ. ನದಿಯಾಚೆಯ ಇಲಿನಾಯ್ ಸ್ವತಂತ್ರ ನೆಲ. ಹುಡುಗರು ಈಜಿ ನಲಿಯುತ್ತಿದ್ದ ಆ ನೀರೇ ಒಬ್ಬ ಕಪ್ಪು ಮನುಷ್ಯನಿಗೆ ಜೀವನ್ಮರಣಗಳ ಗಡಿಯಾಗಿತ್ತು. ಕ್ಲೆಮೆನ್ಸ್ ಸಂಸಾರವೂ ಅನುಕೂಲವಿದ್ದಾಗ ಗುಲಾಮರನ್ನು ಇಟ್ಟುಕೊಂಡಿತ್ತು, ಇಲ್ಲದಾಗ ಬಾಡಿಗೆಗೆ ತರುತ್ತಿತ್ತು. ಮಕ್ಕಳನ್ನು ಎತ್ತಿ ಆಡಿಸಿದ್ದ ಜೆನ್ನಿ ಎಂಬವಳನ್ನು ತಂದೆಯು ಹಣದ ಅಡಚಣೆ ಬಂದಾಗ ಮಾರಿಬಿಟ್ಟನು. ದಾಸರನ್ನು ಓಡಿಹೋಗಲು ಪ್ರೇರಿಸಿದ ಅಪರಾಧಕ್ಕಾಗಿ ಇಲಿನಾಯ್‌ನಿಂದ ಬಂದ ಮೂವರನ್ನು 1841ರಲ್ಲಿ ಹನ್ನೆರಡು ವರ್ಷ ಸೆರೆಗೆ ಕಳುಹಿಸಿದ ಪಂಚರಲ್ಲಿ ಆತನೂ ಒಬ್ಬನು. ಆದರೂ ಆತ ಕ್ರೂರಿಯಲ್ಲ. ಊರೇ ಗೌರವಿಸುತ್ತಿದ್ದ ನ್ಯಾಯವಂತ. ಇದೇ ನನಗೆ ಹೆಚ್ಚು ಭಯಾನಕವಾಗಿ ತೋರುವುದು. ಗುಲಾಮಗಿರಿ ತಪ್ಪೆಂದು ತನ್ನ ಹುಡುಗತನದಲ್ಲಿ ಯಾರೂ ಹೇಳಿದ್ದನ್ನು ಕೇಳಲಿಲ್ಲವೆಂದೂ, ದೇವಾಲಯದ ವೇದಿಕೆಯಿಂದ ಅದು ದೈವಸಮ್ಮತವೆಂದೇ ಬೋಧಿಸುತ್ತಿದ್ದರೆಂದೂ ಮುಂದೆ ಮಗನು ಬರೆದಿದ್ದಾನೆ.

ಬೇಸಿಗೆಯಲ್ಲಿ ಅವನು ಫ್ಲಾರಿಡಾದ ಬಳಿಯಿದ್ದ ಚಿಕ್ಕಪ್ಪ ಜಾನ್ ಕ್ವಾರ್ಲ್ಸ್‌ನ ಹೊಲಮನೆಗೆ ಹೋಗುತ್ತಿದ್ದನು. ಕಲ್ಲಂಗಡಿ, ಕಾಡುಹಣ್ಣು, ಕರಿದ ಕೋಳಿ, ಬಿಸಿಬಿಸಿ ಜೋಳದ ರೊಟ್ಟಿ. ಅಲ್ಲಿ ಉಂಡದ್ದನ್ನು ಮುಪ್ಪಿನಲ್ಲಿ ಪಟ್ಟಿ ಮಾಡುವಾಗ ಆ ಮಹಾಶಯನಿಗೆ ಪುಟಗಳೇ ಸಾಲಲಿಲ್ಲ. ರಾತ್ರಿ ಗುಲಾಮರ ಬಿಡಾರದ ಒಲೆಯ ಮುಂದೆ ಡೇನಿಯಲ್ ಎಂಬ ಕಪ್ಪು ಮನುಷ್ಯ, ಬಿಳಿಯ ಮತ್ತು ಕರಿಯ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ಮೈ ಜುಮ್ಮೆನ್ನುವ ಪಿಶಾಚಿಯ ಕಥೆ ಹೇಳುತ್ತಿದ್ದನು. ಕಥೆ ಹೇಳುವ ವಿದ್ಯೆಯ ಮೊದಲ ಗುರು ಅವನೇ. ಹಕಲ್‌ಬೆರಿ ಫಿನ್ನನೊಡನೆ ತೆಪ್ಪದಲ್ಲಿ ಸಾಗುವ ಜಿಮ್‌ನೂ ಅವನೇ.

1847ರ ಮಾರ್ಚಿಯಲ್ಲಿ ತಂದೆಯು ನ್ಯುಮೋನಿಯಾದಿಂದ ತೀರಿಕೊಂಡನು. ಹುಡುಗನಿಗೆ ಹನ್ನೊಂದು ವರ್ಷ. ಅಕ್ಕ ಮಾರ್ಗರೆಟ್, ಅಣ್ಣ ಬೆಂಜಮಿನ್ ಮೊದಲೇ ಹೋಗಿದ್ದರು. ಮರುವರ್ಷ ಸ್ಯಾಮ್ ಊಟ ಬಟ್ಟೆಗಳ ಮೇಲೆ ಊರಿನ ಅಚ್ಚುಕೂಟವೊಂದರಲ್ಲಿ ಕೆಲಸ ಕಲಿಯಲು ಸೇರಿದನು. ಆಮೇಲೆ ಹಿರಿಯಣ್ಣ ಓರಿಯನ್ನನ ಪತ್ರಿಕೆಯಲ್ಲಿ ಮೊಳೆ ಜೋಡಿಸಿದನು. ನಮ್ಮ ಹಾಗೆ ಕಾಲೇಜಿನ ಮೆಟ್ಟಿಲು ಹತ್ತುವ ಭಾಗ್ಯ ಅವನದಲ್ಲ. 1853ರಲ್ಲಿ, ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಆಣೆಯಿಟ್ಟು ಊರು ಬಿಟ್ಟನು. ಅಲ್ಲಿಗೆ ಹ್ಯಾನಿಬಲ್ಲಿನ ವಾಸ ಮುಗಿಯಿತು. ಮುಂದೆ ಅತಿಥಿಯಾಗಿ ಮಾತ್ರ ಅವನು ಅಲ್ಲಿಗೆ ಬಂದದ್ದು.

ಇನ್ನು ಮುಂದಿನದನ್ನು ನಾನು ಓಡಿಸಿಕೊಂಡು ಹೋಗುವೆನು. 1857ರಲ್ಲಿ ಹೊರೇಸ್ ಬಿಕ್ಸ್‌ಬಿ ಎಂಬ ಚುಕ್ಕಾಣಿಗನ ಬಳಿ 500 ಡಾಲರು ಶುಲ್ಕದ ಒಪ್ಪಂದದ ಮೇಲೆ ಶಿಷ್ಯನಾಗಿ, 1859ರಲ್ಲಿ ಸ್ವತಃ ಚುಕ್ಕಾಣಿಗನಾಗಿ, ಬಾಲ್ಯದ ಕನಸನ್ನು ನನಸಾಗಿಸಿಕೊಂಡನು. ಆದರೆ ಅಷ್ಟರಲ್ಲಿ ನದಿಯು ತನ್ನ ಕಪ್ಪವನ್ನು ವಸೂಲು ಮಾಡಿತ್ತು. ತಾನೇ ಕೆಲಸಕ್ಕೆ ಸೇರಿಸಿದ್ದ ತಮ್ಮ ಹೆನ್ರಿ 1858ರ ಜೂನ್ ತಿಂಗಳಿನಲ್ಲಿ ‘ಪೆನ್ಸಿಲ್ವೇನಿಯಾ’ ಎಂಬ ಹಡಗಿನ ಬಾಯ್ಲರು ಸಿಡಿದು ಬೆಂದು, ಮೆಂಫಿಸ್ ನಗರದಲ್ಲಿ ಅಣ್ಣನ ಕಣ್ಣೆದುರು ಸತ್ತನು. ಅದೇ ಹಡಗಿನಲ್ಲಿ ಸ್ಯಾಮ್ ಇರಬೇಕಾಗಿತ್ತು. ಕೆಲವೇ ದಿನಗಳ ಹಿಂದೆ ಮೇಲಧಿಕಾರಿಯೊಡನೆ ಜಗಳವಾಗಿ ಇಳಿದಿದ್ದನು. ಈ ಸಾವಿಗೆ ತಾನೇ ಹೊಣೆಯೆಂಬ ಕೊರಗು ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1861ರ ಅಂತರ್ಯುದ್ಧದಿಂದ ಹಡಗುಗಳ ಸಂಚಾರ ನಿಂತಿತು. ಎರಡು ವಾರ ದಕ್ಷಿಣದವರ ಪರವಾಗಿ ಸೈನಿಕನ ವೇಷ ಹಾಕಿ, ಅದು ತನಗೆ ಒಗ್ಗದೆಂದು ಕಂಡು, ಅಣ್ಣನೊಡನೆ ನೆವಾಡಾಕ್ಕೆ ಹೋದನು. ಬೆಳ್ಳಿಯ ಗಣಿ ಕೈಹಿಡಿಯಲಿಲ್ಲ, ಪತ್ರಿಕೆ ಹಿಡಿಯಿತು. 1863ರ ಫೆಬ್ರವರಿಯಲ್ಲಿ ಮಾರ್ಕ್ ಟ್ವೇನ್ ಎಂಬ ಹೆಸರು ಮೊದಲ ಬಾರಿಗೆ ಅಚ್ಚಾಯಿತು. ಅದು ನದಿಯ ಆಳ ಅಳೆಯುವವರ ಕೂಗು: ಎರಡು ಮಾರು ನೀರು, ಎಂದರೆ ಹನ್ನೆರಡು ಅಡಿ, ಹಡಗು ನಿರ್ಭಯವಾಗಿ ಸಾಗಬಹುದೆಂದು ಅರ್ಥ. 1865ರಲ್ಲಿ ಒಂದು ನೆಗೆಯುವ ಕಪ್ಪೆಯ ಕಥೆ ಅವನನ್ನು ದೇಶಕ್ಕೆಲ್ಲ ಪರಿಚಯಿಸಿತು; 1869ರ ಪ್ರವಾಸಗ್ರಂಥ ಶ್ರೀಮಂತನನ್ನಾಗಿಸಿತು.

1870ರ ಫೆಬ್ರವರಿ 2ರಂದು ಎಲ್ಮೈರಾ ನಗರದ ಒಲಿವಿಯಾ ಲ್ಯಾಂಗ್ಡನಳೊಡನೆ ಮದುವೆಯಾಯಿತು. ಮದುವೆಯಾದ ನಾಲ್ಕೇ ದಿನಕ್ಕೆ, ಹೊಸ ಮನೆಯಲ್ಲಿ ಹೊಸ ಹೆಂಡತಿ ಇರುವಾಗ, ಆತ ಮಾಡಿದ್ದೇನು? ದಡಾರ ಹಂಚಿಕೊಂಡಿದ್ದ ವಿಲ್ ಬೋವೆನ್ನನಿಗೆ ಉದ್ದನೆಯ ಕಾಗದ ಬರೆದು, ಹ್ಯಾನಿಬಲ್ಲಿನ ಆಟಪಾಟಗಳನ್ನೆಲ್ಲ ಒಂದೊಂದಾಗಿ ನೆನೆದನು! ಸುಖದ ಶಿಖರದಲ್ಲಿದ್ದಾಗಲೇ ಬಾಲ್ಯ ಬಾಗಿಲು ತೆರೆದುಕೊಂಡಿತು. 1876ರ ‘ಟಾಮ್ ಸಾಯರ್’ ಬೆಳೆದದ್ದು ಆ ನೆನಪುಗಳಿಂದಲೇ ಎಂದು ನನ್ನ ಎಣಿಕೆ. ಅದರಲ್ಲಿ ಗವಿಯಿದೆ, ನಡುಗಡ್ಡೆಯಿದೆ, ಕೊಲೆಯೂ ಇದೆ. ಆದರೆ ಗುಲಾಮರು ಎಲ್ಲೋ ಅಂಚಿನಲ್ಲಿ ನೆರಳಿನಂತೆ ಸರಿದುಹೋಗುತ್ತಾರೆ.

ಅವನ ಕಣ್ಣು ತೆರೆಯಲಾರಂಭಿಸಿದ್ದು ಹೆಂಡತಿಯ ಕಡೆಯಿಂದ. ಮಾವ ಜರ್ವಿಸ್ ಲ್ಯಾಂಗ್ಡನ್ ಓಡಿಬಂದ ದಾಸರಿಗೆ ಆಶ್ರಯ ಕೊಟ್ಟವನು. ಬೇಸಿಗೆಯನ್ನು ಕಳೆಯುತ್ತಿದ್ದ ಎಲ್ಮೈರಾದ ಹೊಲಮನೆಯಲ್ಲಿ ಅಡಿಗೆ ಮಾಡುತ್ತಿದ್ದ ಮೇರಿ ಆನ್ ಕಾರ್ಡ್ ಎಂಬ ಹೆಂಗಸು ಹಿಂದೆ ದಾಸಿಯಾಗಿದ್ದವಳು. ಸದಾ ನಗುವ ಆಕೆಗೆ ಕಷ್ಟವೆಂಬುದೇ ತಿಳಿಯದೆಂದು ಈತ ಭಾವಿಸಿದ್ದನು. ಒಂದು ಸಂಜೆ ಆಕೆ, ತನ್ನ ಗಂಡನನ್ನೂ ಏಳು ಮಕ್ಕಳನ್ನೂ ಹರಾಜಿನಲ್ಲಿ ಬೇರೆಬೇರೆಯಾಗಿ ಮಾರಿದ್ದನ್ನೂ, ಕಿರಿಯ ಮಗನನ್ನು ಯುದ್ಧಕಾಲದಲ್ಲಿ ಮತ್ತೆ ಕಂಡದ್ದನ್ನೂ ಹೇಳಿದಳು. 1874ರಲ್ಲಿ ಅದನ್ನು ಆಕೆಯ ಮಾತಿನ ಧಾಟಿಯಲ್ಲೇ ಆತ ಪ್ರಕಟಿಸಿದನು. 1882ರಲ್ಲಿ ಮತ್ತೆ ಹ್ಯಾನಿಬಲ್ಲಿಗೆ ಹೋಗಿ ಮೂರು ದಿನ ಇದ್ದನು. ರಾತ್ರಿ ಕನಸಿನಲ್ಲಿ ಗೆಳೆಯರೆಲ್ಲ ಹುಡುಗರಾಗಿಯೇ ಬರುವರು. ಹಗಲು ಬೀದಿಯಲ್ಲಿ ಅವರೇ ಮುದುಕರಾಗಿ ಎದುರಾಗುವರು. ಆ ಪ್ರವಾಸದ ತರುವಾಯ ಪೂರ್ತಿಯಾದ ‘ಹಕಲ್‌ಬೆರಿ ಫಿನ್’ 1884-85ರಲ್ಲಿ ಹೊರಬಂದಿತು. ಓಡಿಹೋದ ದಾಸನನ್ನು ಹಿಡಿದುಕೊಡದಿದ್ದರೆ ನರಕವೆಂದು ಪ್ರಾಮಾಣಿಕವಾಗಿ ನಂಬಿದ ಹುಡುಗನೊಬ್ಬ, ಆಗಲಿ ನರಕವೇ ಇರಲೆಂದು ನಿಶ್ಚಯಿಸುವ ಕಥೆ ಅದು. ಇದಕ್ಕೂ ಹ್ಯಾನಿಬಲ್ಲೇ ಮೂಲ: ಬ್ಲಾಂಕೆನ್‌ಶಿಪ್ ಹುಡುಗನ ಅಣ್ಣ ಬೆನ್ಸ್, ಬಹುಮಾನದ ಆಸೆಗೆ ಬೀಳದೆ, ನಡುಗಡ್ಡೆಯಲ್ಲಿ ಅಡಗಿದ್ದ ದಾಸನೊಬ್ಬನಿಗೆ ವಾರಗಟ್ಟಲೆ ಗುಟ್ಟಾಗಿ ಅನ್ನ ಒಯ್ದುಕೊಟ್ಟಿದ್ದನು. ಊರಿನ ಮರ್ಯಾದಸ್ಥರಾರೂ ಮಾಡದುದನ್ನು ಕುಡುಕನ ಮಗ ಮಾಡಿದ್ದ. 1885ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದುತ್ತಿದ್ದ ವಾರ್ನರ್ ಮೆಗಿನ್ ಎಂಬ ಕಪ್ಪು ವಿದ್ಯಾರ್ಥಿಯ ಖರ್ಚನ್ನು ಈತ ವಹಿಸಿಕೊಂಡನು. ಕಪ್ಪು ಜನರಿಗೆ ನಾವು ಮಾಡಿದುದರ ಋಣ ಇದೆಂದು ಅವನ ಭಾವನೆಯಾಗಿತ್ತು.

ಹಣ ಬಂದಂತೆಯೇ ಹೋಯಿತು. ಮೊಳೆ ಜೋಡಿಸುವ ಯಂತ್ರವೊಂದರ ಮೇಲೆ ಹೂಡಿ ಕಳೆದುಕೊಂಡನು. ತನ್ನದೇ ಪ್ರಕಟನ ಸಂಸ್ಥೆ 1894ರಲ್ಲಿ ದಿವಾಳಿಯಾಯಿತು. ತೀರಿಸಲೇಬೇಕಾದ ಕಾನೂನಿನ ನಿರ್ಬಂಧವಿಲ್ಲದಿದ್ದರೂ ಕೊನೆಯ ಕಾಸಿನವರೆಗೆ ಸಾಲ ತೀರಿಸುವೆನೆಂದು ಅರವತ್ತರ ವಯಸ್ಸಿನಲ್ಲಿ ಭಾಷಣಗಳಿಗಾಗಿ ಪ್ರಪಂಚ ಸುತ್ತಲು ಹೊರಟನು. ಹೀಗೆ 1896ರ ಜನವರಿಯಲ್ಲಿ ಹೆಂಡತಿ, ಮಗಳು ಕ್ಲಾರಾ ಇವರೊಡನೆ ಮುಂಬಯಿಯಲ್ಲಿ ಇಳಿದನು.

ಇಲ್ಲಿ ನಡೆಯಿತು ನಾನು ಹೇಳಬೇಕೆಂದಿದ್ದ ಪ್ರಸಂಗ. ಕೋಣೆಯ ಜಗಲಿಯ ಕಡೆಯ ಬಾಗಿಲು ಸರಿಯಿರಲಿಲ್ಲ. ಅದನ್ನು ಸರಿಪಡಿಸಲು ಬಂದ ನಮ್ಮವನೊಬ್ಬ ಮೊಣಕಾಲೂರಿ ಕೆಲಸಕ್ಕೆ ತೊಡಗಿದನು. ಅವನ ಕೆಲಸ ಹಿಡಿಸಲಿಲ್ಲವೋ ಏನೋ, ಮೇಲ್ವಿಚಾರಣೆಗೆ ಬಂದಿದ್ದ ದಢೂತಿ ಜರ್ಮನ್ ಮನುಷ್ಯ, ತಪ್ಪೇನೆಂದೂ ಹೇಳದೆ, ಅವನ ದವಡೆಗೆ ಒಂದು ಏಟು ಕೊಟ್ಟನು. ಏಟು ತಿಂದವನು ಮಾತೆತ್ತಲಿಲ್ಲ; ಮುಖದಲ್ಲಿ ಕೋಪದ ಗೆರೆಯೂ ಮೂಡಲಿಲ್ಲ. ಅಷ್ಟೆ. ಮುಂಬಯಿಯಲ್ಲಿ ಅಂದು ಅಂತಹ ಏಟುಗಳು ಎಷ್ಟು ಬಿದ್ದವೋ, ಲೆಕ್ಕವಿಟ್ಟವರಾರು? ಆದರೆ ನೋಡುತ್ತ ನಿಂತಿದ್ದ ಅರವತ್ತರ ಮುದುಕ ಆ ಕ್ಷಣದಲ್ಲಿ ಮುಂಬಯಿಯಲ್ಲಿರಲಿಲ್ಲ. ಐವತ್ತು ವರ್ಷ ಹಿಂದಕ್ಕೆ, ಹ್ಯಾನಿಬಲ್ಲಿಗೆ ಹೋಗಿದ್ದನು. ಗುಲಾಮರಿಗೆ ತಮ್ಮ ಇಷ್ಟವನ್ನು ತಿಳಿಸುವ ರೀತಿ ಅಲ್ಲಿಯೂ ಇದೇ ಆಗಿತ್ತು. ತನ್ನ ಮೇಲೆ ಜನ್ಮದಲ್ಲಿ ಎರಡೇ ಬಾರಿ ಕೈಯೆತ್ತಿದ ಆ ಸಭ್ಯ ತಂದೆ, ಮನೆಯ ದಾಸಹುಡುಗ ಲೂಯಿಸನನ್ನು ಸಣ್ಣಪುಟ್ಟ ತಪ್ಪಿಗೆಲ್ಲ ಹೊಡೆಯುತ್ತಿದ್ದುದು ನೆನಪಿಗೆ ಬಂದಿತು. ತನ್ನ ಹತ್ತನೆಯ ವಯಸ್ಸಿನಲ್ಲಿ ಕಂಡದ್ದೂ ಬಂದಿತು: ಕೆಲಸವನ್ನು ಒರಟಾಗಿ ಮಾಡಿದನೆಂಬ ಒಂದೇ ಕಾರಣಕ್ಕೆ ಒಬ್ಬ ಬಿಳಿಯನು ದಾಸನ ತಲೆಗೆ ಕಬ್ಬಿಣದ ಅದಿರಿನ ಗಟ್ಟಿಯನ್ನು ಬೀಸಿ ಎಸೆದದ್ದು, ಬಿದ್ದವನು ಗಂಟೆಯೊಳಗೆ ಪ್ರಾಣ ಬಿಟ್ಟದ್ದು. ಊರವರಾರೂ ಅದನ್ನು ಮೆಚ್ಚಲಿಲ್ಲ. ಆದರೆ ಯಾರೂ ಹೆಚ್ಚು ಮಾತನಾಡಲೂ ಇಲ್ಲ. ಇದೆಲ್ಲ ಒಂದು ಕ್ಷಣ. ಮರುಕ್ಷಣ ಮುಂಬಯಿಗೆ ಹಿಂತಿರುಗಿದಾಗ, ಏಟು ಬಿದ್ದ ಆ ಕೆನ್ನೆಯ ಉರಿ ಇನ್ನೂ ಆರಿರಲಿಲ್ಲವೆಂದು ಆತ ಬರೆಯುತ್ತಾನೆ.

ಎಂತಹ ನೆನಪು! ಅಷ್ಟೊಂದು ಪುಸ್ತಕಗಳಲ್ಲಿ ಆ ಊರನ್ನು ಚಿತ್ರಿಸಿದವನಿಗೆ ಈ ಚಿತ್ರ ಎದ್ದುಬರಲು ಮುಂಬಯಿಯ ಬಡಪಾಯಿಯೊಬ್ಬನ ಕೆನ್ನೆ ಬೇಕಾಯಿತು. ಏಟು ತಿಂದವನ ಹೆಸರು ಪುಸ್ತಕದಲ್ಲಿಲ್ಲ.

ಅದೇ ವರ್ಷದ ಆಗಸ್ಟಿನಲ್ಲಿ, ಅಮೆರಿಕಾದಲ್ಲೇ ಉಳಿದಿದ್ದ ಹಿರಿಯ ಮಗಳು ಸೂಸಿ ಇಪ್ಪತ್ತನಾಲ್ಕರ ಪ್ರಾಯದಲ್ಲಿ ತೀರಿಕೊಂಡಳು. ತಂದೆ ಇಂಗ್ಲೆಂಡಿನಲ್ಲಿದ್ದನು. ಆ ದುಃಖದ ನಡುವೆ ಪ್ರವಾಸಗ್ರಂಥವನ್ನು ಮುಗಿಸಿ, 1897ರಲ್ಲಿ ವಿಯೆನ್ನಾಕ್ಕೆ ಹೋಗಿ, ಅಲ್ಲಿ ಬಾಲ್ಯದ ನೆನಪುಗಳನ್ನು ಮತ್ತೆ ಬರೆಯಲು ಕುಳಿತನು. ಆ ಬರಹದಲ್ಲಿ ಕ್ವಾರ್ಲ್ಸ್ ಹೊಲಮನೆಯ ಕಲ್ಲಂಗಡಿಯೂ ಇದೆ. ದಕ್ಷಿಣದ ಸಂತೆಗೆ ಸಾಗಿಸಲು ಹ್ಯಾನಿಬಲ್ಲಿನ ಬೀದಿಯಲ್ಲಿ ಸರಪಳಿ ಬಿಗಿದು ಮಲಗಿಸಿದ್ದ ಹನ್ನೆರಡು ಮಂದಿ ಗಂಡಸರು ಹೆಂಗಸರ ಮುಖಗಳೂ ಇವೆ. ಸ್ಯಾಂಡಿಯೂ ಅಲ್ಲೇ ಬರುತ್ತಾನೆ. ಸ್ಯಾಂಡಿ ಅವರು ಬಾಡಿಗೆಗೆ ತಂದಿದ್ದ ಪುಟ್ಟ ದಾಸಹುಡುಗ. ದೂರದ ಮೇರಿಲೆಂಡಿನಲ್ಲಿ ತಾಯಿಯಿಂದ ಕಿತ್ತು ತಂದವನು. ದಿನವೆಲ್ಲ ಹಾಡುವನು, ಸಿಳ್ಳೆ ಹಾಕುವನು, ಕಿರುಚುವನು. ಒಂದು ದಿನ ಸ್ಯಾಮ್ ರೇಗಿ, ಇವನ ಬಾಯಿ ಮುಚ್ಚಿಸೆಂದು ತಾಯಿಗೆ ದೂರು ಹೇಳಿದನು. ತಾಯಿಯ ಕಣ್ಣಲ್ಲಿ ನೀರು ಬಂದಿತು. ಅವನು ಹಾಡುತ್ತಿದ್ದರೆ ಅಮ್ಮನನ್ನು ನೆನೆಯುತ್ತಿಲ್ಲವೆಂದು ತನಗೆ ಸಮಾಧಾನವೆಂದೂ, ಸುಮ್ಮನಿದ್ದರೇ ಭಯವೆಂದೂ, ಆ ತಾಯಿಯನ್ನು ಅವನು ಇನ್ನೆಂದೂ ನೋಡಲಾರನೆಂದೂ ಆಕೆ ಹೇಳಿದಳು. ಆಮೇಲೆ ಸ್ಯಾಂಡಿಯ ಗದ್ದಲ ಅವನಿಗೆ ಕಿರಿಕಿರಿಯಾಗಲಿಲ್ಲ.

ಈ ಸ್ಯಾಂಡಿಯನ್ನು ನಾವು ಮೊದಲೇ ಕಂಡಿದ್ದೇವೆ. ‘ಟಾಮ್ ಸಾಯರ್’ ಕಥೆಯಲ್ಲಿ ಬೇಲಿಗೆ ಸುಣ್ಣ ಬಳಿಯುವ ದಿನ, ತಗಡಿನ ಬಕೆಟ್ಟು ಹಿಡಿದು ಹಾಡುತ್ತ ಕುಣಿಯುತ್ತ ನೀರಿಗೆ ಹೊರಡುವ ಚಿಕ್ಕ ಹುಡುಗ ಇವನೇ. ಪ್ರೌಢಶಾಲೆಯಲ್ಲಿ ಅದನ್ನು ಓದಿ ನಾನು ನಕ್ಕಿದ್ದೆ.

1902ರ ಬೇಸಿಗೆಯಲ್ಲಿ, ಮಿಸೌರಿ ವಿಶ್ವವಿದ್ಯಾನಿಲಯವು ಕೊಟ್ಟ ಗೌರವ ಪದವಿಯನ್ನು ಸ್ವೀಕರಿಸಲು ಹೋಗುವ ದಾರಿಯಲ್ಲಿ, ಕೊನೆಯ ಬಾರಿಗೆ ಹ್ಯಾನಿಬಲ್ಲಿಗೆ ಬಂದನು. ಹಿಲ್ ಬೀದಿಯ ಹಳೆಯ ಮನೆಯ ಬಾಗಿಲಲ್ಲಿ ನಿಂತು ಚಿತ್ರ ತೆಗೆಸಿಕೊಂಡನು. ಬಂದಾಗಲೆಲ್ಲ ಈ ಮನೆ ಚಿಕ್ಕದಾಗುತ್ತಿದೆ, ಇನ್ನು ಹತ್ತು ವರ್ಷ ಬಿಟ್ಟು ಬಂದರೆ ಹಕ್ಕಿಗೂಡಿನಷ್ಟಾಗಿರುವುದೆಂದು ತಮಾಷೆ ಮಾಡಿದನಂತೆ. ಜಾನ್ ಬ್ರಿಗ್ಸ್‌ನೊಡನೆ ಗುಡ್ಡ ಹತ್ತಿದನು. ಲಾರಾ ಹಾಕಿನ್ಸಳನ್ನು ಕಂಡನು; ಇಬ್ಬರಿಗೂ ಅರವತ್ತು ದಾಟಿತ್ತು. ತಂದೆ, ತಾಯಿ, ಹೆನ್ರಿ ಇವರ ಸಮಾಧಿಗಳಿಗೆ ಹೋದನು. ಊರವರ ಮುಂದೆ ಮಾತನಾಡಲು ನಿಂತಾಗ ಈ ಜಗತ್ಪ್ರಸಿದ್ಧ ಹಾಸ್ಯಗಾರನಿಗೆ ಗಂಟಲು ಕಟ್ಟಿತು.

1904ರಲ್ಲಿ ಹೆಂಡತಿಯೂ, 1909ರ ಡಿಸೆಂಬರಿನಲ್ಲಿ ಕಿರಿಯ ಮಗಳು ಜೀನಳೂ ತೀರಿಕೊಂಡರು. ಧೂಮಕೇತುವಿನೊಡನೆ ಬಂದವನು ಅದರೊಡನೆಯೇ ಹೋಗುವೆನೆಂದು ಆತ ಹೇಳಿಕೊಳ್ಳುತ್ತಿದ್ದನು. 1910ರ ಏಪ್ರಿಲ್ 20ರಂದು ಹ್ಯಾಲಿಯ ಧೂಮಕೇತು ಸೂರ್ಯನಿಗೆ ಅತಿ ಸಮೀಪಕ್ಕೆ ಬಂದಿತು; ಮರುದಿನ, 21ರಂದು, ಕನೆಕ್ಟಿಕಟ್ಟಿನ ರೆಡಿಂಗ್‌ನಲ್ಲಿ ಆತ ಕಣ್ಣು ಮುಚ್ಚಿದನು. ಎಲ್ಮೈರಾದಲ್ಲಿ ಹೆಂಡತಿ ಮಕ್ಕಳ ಪಕ್ಕದಲ್ಲಿ ಮಣ್ಣು ಮಾಡಿದರು. ಹ್ಯಾನಿಬಲ್ಲಿನ ಮನೆಯು 1912ರಲ್ಲಿ ಊರಿನ ಸ್ವತ್ತಾಗಿ, ಬಂದವರಿಗೆ ತೋರಿಸುವ ಸ್ಮಾರಕವಾಯಿತು. ಪಕ್ಕದಲ್ಲಿ ಬಿಳಿಯ ಬೇಲಿಯನ್ನೂ ಕಟ್ಟಿ ನಿಲ್ಲಿಸಿದ್ದಾರೆ.

ತನ್ನ ಆತ್ಮಕಥೆಯ ಪೂರ್ಣಪಾಠವನ್ನು ಸತ್ತು ನೂರು ವರ್ಷದ ತನಕ ಪ್ರಕಟಿಸಬಾರದೆಂದು ಆತ ವಿಧಿಸಿದ್ದನು. ಬಿಡಿಭಾಗಗಳು ನಡುವೆಯೇ ಹೊರಬಂದರೂ, ಇಡಿಯ ಗ್ರಂಥವು ಮೂರು ದೊಡ್ಡ ಸಂಪುಟಗಳಾಗಿ 2010ರಿಂದ 2015ರ ಒಳಗೆ ಪ್ರಕಟವಾಯಿತು. ನಾನು ಮೊದಲನೆಯದನ್ನು ಮಾತ್ರ, ಅದನ್ನೂ ಅಲ್ಲಲ್ಲಿ ಓದಿದ್ದೇನೆ. ಸ್ಯಾಂಡಿಯ ವೃತ್ತಾಂತ ಅದರಲ್ಲಿದೆ. ಹೊಲಮನೆಯ ಊಟದ ಪಟ್ಟಿ ಬರುವ ಪುಟಗಳಿಂದ ಬಹಳ ದೂರವೇನೂ ಇಲ್ಲ.